ಯಾರ ಮೇಲೆ ಈ ಬೊಬ್ಬೆ? ತೋಟದ ಹಕ್ಕಿಗಳ ಅರಚಾಟ ಕೇಳಲು ಕಲಿತದ್ದು

ಮಳೆಗಾಲದಲ್ಲಿ ತೊರೆಯ ಬದಿಯಿಂದ ಸಿಳ್ಳಾರ ಸಿಳ್ಳೆ ಹಾಕಿದರೆ ತೋಟದಲ್ಲಿ ಎಂಥವರೂ ಒಂದು ಗಳಿಗೆ ಕೈ ನಿಲ್ಲಿಸಿ ಕೇಳುತ್ತಾರೆ. ಅದೇ ಹರಟೆಮಲ್ಲಗಳ ಹಿಂಡು ಕಾಫಿ ಗಿಡದಡಿ ಗದ್ದಲ ಎಬ್ಬಿಸಿದರೆ ಯಾರೂ ತಲೆ ಎತ್ತುವುದಿಲ್ಲ. ನನಗೆ ಆಸಕ್ತಿ ಹುಟ್ಟಿದ್ದು ಈ ಎರಡನೆಯದರಲ್ಲಿ. ಹಕ್ಕಿ ಹಾಡುವುದು ಬಹುಮಟ್ಟಿಗೆ ತನ್ನ ಜಾತಿಯವರಿಗಾಗಿ: ಜೋಡಿಯನ್ನು ಕರೆಯಲು, ಈ ಜಾಗ ನನ್ನದು ಎಂದು ಸಾರಲು. ಕರ್ಕಶವಾಗಿ ಕೂಗುವಾಗ ಅದು ಹೆಚ್ಚಾಗಿ ದೂರು ಹೇಳುತ್ತಿರುತ್ತದೆ. ದೂರು ಎಂದಮೇಲೆ ಅದು ಯಾರದೋ ಮೇಲೆ ಇರಲೇಬೇಕು. ಆ ಯಾರು ಎಂಬುದನ್ನು ಹುಡುಕುವ ಅಭ್ಯಾಸ ನನಗೆ ಹೇಗೆ ಬಂತು, ಹೇಗೆ ಮಾಡುತ್ತೇನೆ ಎಂದು ಬರೆಯುತ್ತಿದ್ದೇನೆ.

ನಮ್ಮದು ಕೊಡಗಿನ ಕಕ್ಕಬ್ಬೆ ಕಡೆಯ ಸಣ್ಣ ತೋಟ. ಕಾಫಿಯ ಮೇಲೆ ಬೀಟೆ, ಹಲಸು, ಅತ್ತಿ, ಹಾಲುವಾಣದ ನೆರಳು. ಮರಮರಕ್ಕೂ ಮೆಣಸಿನ ಬಳ್ಳಿ. ಕೆಳಗೆ ಗದ್ದೆ, ಆಚೆ ದೇವರಕಾಡು. ಇಂಥ ಕಡೆ ದುರ್ಬೀನು ಹಿಡಿದು ನಿಂತರೆ ಕಾಣುವುದು ಎಲೆ ಮಾತ್ರ. ಹಕ್ಕಿ ಮೊದಲು ಸಿಗುವುದು ಕಿವಿಗೆ.

ದಾರಿ ತೋರಿಸಿದವರು ಮೆಣಸು ಕೊಯ್ಯುವವರು. ಫೆಬ್ರವರಿ, ಮಾರ್ಚ್ ಬಂತೆಂದರೆ ಏಣಿ ಹೊತ್ತು ಮರದಿಂದ ಮರಕ್ಕೆ ಹೋಗುವ ಕೆಲಸ. ಏಣಿ ಏರಿ ನಿಂತವರಿಗೆ ಬಳ್ಳಿಯೊಳಗೆ ಏನಿದೆ ಎಂದು ಕಾಣುವುದಿಲ್ಲ. ಹಾಗಾಗಿ ಅನುಭವ ಇದ್ದವರು ಏಣಿ ಒರಗಿಸುವ ಮೊದಲು ಒಂದಿಷ್ಟು ಹೊತ್ತು ಸುಮ್ಮನೆ ನಿಂತು ಕೇಳುತ್ತಾರೆ. ಒಂದು ಬೆಳಿಗ್ಗೆ ನಮ್ಮಲ್ಲಿ ವರ್ಷಗಳಿಂದ ಕೊಯ್ಯುವ ಹಿರಿಯರೊಬ್ಬರು, "ಅಕ್ಕಾ, ಈ ಮರ ಆಮೇಲೆ ನೋಡುವ, ಹಕ್ಕಿ ಬೈತಾ ಇದೆ" ಎಂದು ಹೇಳಿ ಏಣಿಯನ್ನು ಪಕ್ಕದ ಸಾಲಿಗೆ ಒಯ್ದರು. ನಾನು ಅಲ್ಲೇ ಉಳಿದೆ.

ಹಲಸಿನ ಮರ. ಜುಟ್ಟು ನಿಮಿರಿಸಿದ ಎರಡು ಕೆಮ್ಮೀಸೆ ಪಿಕಳಾರಗಳು ಬಿಡದೆ ಕಚಕಚ ಎನ್ನುತ್ತಿದ್ದವು. ಕೊಂಬೆಯಿಂದ ಕೊಂಬೆಗೆ ಹಾರಿ ಜಾಗ ಬದಲಿಸುತ್ತಿದ್ದವು, ಆದರೆ ಎಲ್ಲಿ ಕೂತರೂ ಕೊಕ್ಕು ಮಾತ್ರ ಒಂದೇ ಕಡೆಗೆ. ಸ್ವಲ್ಪ ಹೊತ್ತಿಗೆ ಒಂದು ಸೂರಕ್ಕಿ ಬಂದು ಸೇರಿತು, ಮತ್ತೆ ಎಲೆಹಕ್ಕಿ, ಅದರ ಹಿಂದೆಯೇ ಕಾಜಾಣ. ಸಂತೆಯಲ್ಲಿ ಜಗಳ ಎದ್ದಾಗ ಜನರ ಮುಖ ತಿರುಗಿದ ದಿಕ್ಕು ಹಿಡಿದು ನಾವು ಜಗಳದ ಜಾಗ ಗುರುತಿಸುತ್ತೇವಲ್ಲ, ಹಾಗೆ ನಾನು ಕೊಕ್ಕುಗಳ ದಿಕ್ಕು ಹಿಡಿದು ನೋಡುತ್ತಾ ಹೋದೆ. ಬಳ್ಳಿ ಕಾಂಡಕ್ಕೆ ಅಂಟಿದ್ದ ಕಡೆ ತೊಗಟೆಯ ಗಂಟು ಎಂದುಕೊಂಡಿದ್ದು ಕತ್ತು ತಿರುಗಿಸಿತು. ಮೈತುಂಬ ಅಡ್ಡಗೆರೆಯ ಪುಟ್ಟ ಕಾಡುಗೂಬೆ. ಹಳದಿ ಕಣ್ಣು ಅರೆ ಮುಚ್ಚಿಕೊಂಡು, ಇಷ್ಟೆಲ್ಲ ಬೈಗುಳ ತಿಂದೂ ಅಲ್ಲಾಡದೆ ಕೂತಿತ್ತು. ಪಿಕಳಾರ ಅದರ ಬೆನ್ನ ಹತ್ತಿರದವರೆಗೂ ಹೋಗಿ ಬರುತ್ತಿತ್ತು. ಕೊನೆಗೆ ಗೂಬೆ ಎದ್ದು ದೇವರಕಾಡಿನ ಕಡೆ ಹಾರಿತು, ಇಡೀ ಗುಂಪು ಅಷ್ಟು ದೂರ ಅದನ್ನು ಬೆನ್ನಟ್ಟಿಕೊಂಡು ಹೋಯಿತು. ಮಧ್ಯಾಹ್ನ ಆ ಮರದ ಮೆಣಸು ಕೊಯ್ದಾಯಿತು.

ಅಂದಿನಿಂದ ಗದ್ದಲ ಕೇಳಿದರೆ ಮೊದಲು ನೋಡುವುದು ಕೊಕ್ಕುಗಳ ದಿಕ್ಕನ್ನು. ಕೆಳಕ್ಕೆ ನೋಡಿ ಕೂಗುತ್ತಿದ್ದರೆ ಹಾವು, ಕಾಡುಬೆಕ್ಕು ಅಥವಾ ಮುಂಗುಸಿ. ನಡು ಎತ್ತರದಲ್ಲಿ ಕಾಂಡದ ಕಡೆಗಾದರೆ ಬಹುಪಾಲು ಗೂಬೆ. ಸದ್ದು ಒಂದೇ ಕಡೆ ನಿಂತಿದ್ದರೆ ಕೂತಿರುವ ಪ್ರಾಣಿ, ಮೆಲ್ಲನೆ ಸರಿಯುತ್ತಿದ್ದರೆ ಹರಿಯುವ ಅಥವಾ ನಡೆಯುವ ಪ್ರಾಣಿ. ಎಷ್ಟು ಜಾತಿಯ ಹಕ್ಕಿಗಳು ಸೇರಿವೆ ಎಂಬುದೂ ಮುಖ್ಯ. ಒಂದೇ ಜಾತಿಯವು ಕಿತ್ತಾಡುತ್ತಿದ್ದರೆ ಅದು ಮನೆಜಗಳ ಇರಬಹುದು, ನಾಲ್ಕು ಜಾತಿ ಸೇರಿದರೆ ಅಲ್ಲಿ ಖಂಡಿತ ಯಾರೋ ಇದ್ದಾರೆ.

ಈ ಒರಟು ದನಿಗೆ ಕಾರಣ ಉಂಟು. ಪೀಟರ್ ಮಾರ್ಲರ್ ಎಂಬ ವಿಜ್ಞಾನಿ 1955ರಲ್ಲಿ ಇದನ್ನು ವಿವರಿಸಿದರು. ಗಿಡುಗ ಮೇಲಿನಿಂದ ಎರಗಿ ಬರುವಾಗ ಸಣ್ಣ ಹಕ್ಕಿಗಳು ಕೊಡುವ ಎಚ್ಚರಿಕೆ ತೆಳುವಾದ, ಎಳೆದ 'ಸೀ...' ದನಿ. ಅದು ಮೆಲ್ಲಗೆ ಶುರುವಾಗಿ ಮೆಲ್ಲಗೆ ಮುಗಿಯುತ್ತದೆ, ಎಲ್ಲಿಂದ ಬಂತೆಂದು ಗಿಡುಗಕ್ಕೆ ಗುರುತು ಹತ್ತುವುದು ಕಷ್ಟ. ಕೂತ ಗೂಬೆಯ ಮೇಲೆ ಮುಗಿಬೀಳುವಾಗ ಇದರ ತದ್ವಿರುದ್ಧ: ಚೂರು ಚೂರಾದ, ಗಟ್ಟಿಯಾದ, ಏರುದನಿ ಇಳಿದನಿ ಎಲ್ಲ ಕಲಸಿದ ಸದ್ದು. ತಟ್ಟನೆ ಶುರು, ತಟ್ಟನೆ ನಿಲುಗಡೆ. ಇಂಥ ಸದ್ದು ಎಲ್ಲಿಂದ ಬಂತೆಂದು ಯಾವ ಕಿವಿಗೂ ಕೂಡಲೇ ತಿಳಿಯುತ್ತದೆ. ನೆರೆಹೊರೆಯವರೆಲ್ಲ ಬರಲಿ ಎಂದೇ ಕೂಗುವ ಕೂಗು ಅದು. ನಮ್ಮ ಕಿವಿಗೆ ಕರ್ಕಶ ಎನಿಸುವ ಗುಣವೇ ಅದಕ್ಕೆ ಬೇಕಾದ ಗುಣ. 1977ರಲ್ಲಿ ಯೂಜೀನ್ ಮಾರ್ಟನ್ ಇನ್ನೊಂದು ಮಾತು ಸೇರಿಸಿದರು: ಹಕ್ಕಿಯಾಗಲಿ ಮೊಲೆಯೂಡುವ ಪ್ರಾಣಿಯಾಗಲಿ, ಮೈಮೇಲೆ ಹೋಗುವ ಹಟದಲ್ಲಿ ದನಿ ತಗ್ಗಿ ಒರಟಾಗುತ್ತದೆ, ಹೆದರಿದಾಗ ಅಥವಾ ಓಲೈಸುವಾಗ ತೆಳುವಾಗಿ ಏರುತ್ತದೆ. ನಮ್ಮ ಅಂಗಳದ ನಾಯಿ ಗುರ್ರೆನ್ನುವುದನ್ನೂ ಕುಂಯ್‌ಗುಡುವುದನ್ನೂ ಕೇಳಿದರೆ ಇದು ಸರಿಯೆಂದು ತಿಳಿಯುತ್ತದೆ.

ಕೇಳಿದ್ದನ್ನು ಬರೆದಿಡುವ ನನ್ನ ಪುಸ್ತಕದಲ್ಲಿ ಇನ್ನೊಂದು ಸಂಗತಿ ಮತ್ತೆ ಮತ್ತೆ ಬಂದಿದೆ. ಗದ್ದೆ ಬದಿಯ ಮರಕ್ಕೆ ಆಗಾಗ ಬಂದು ಕೂರುವ ದೊಡ್ಡ ಮೀನುಗೂಬೆಗಿಂತ ಈ ಪುಟ್ಟ ಕಾಡುಗೂಬೆಯ ಮೇಲೆಯೇ ಸಣ್ಣ ಹಕ್ಕಿಗಳ ಕೋಪ ಹೆಚ್ಚು. ಅಮೆರಿಕದ ಚಿಕಡೀ ಎಂಬ ಸಣ್ಣ ಹಕ್ಕಿಯ ಮೇಲೆ 2005ರಲ್ಲಿ ಪ್ರಕಟವಾದ ಅಧ್ಯಯನ ಓದಿದಾಗ ಇದಕ್ಕೆ ಅರ್ಥ ಸಿಕ್ಕಿತು. ಆ ಹಕ್ಕಿ ತನ್ನ ಕೂಗಿನ ಕೊನೆಯಲ್ಲಿ 'ಡೀ ಡೀ' ಎನ್ನುತ್ತದೆ. ದೊಡ್ಡ ಗೂಬೆ ಕಂಡಾಗ ಆ 'ಡೀ'ಗಳು ಕಡಿಮೆ, ಪುಟ್ಟ ಗೂಬೆ ಕಂಡಾಗ ಹೆಚ್ಚು. ಯಾಕೆಂದರೆ ಕೊಂಬೆಗಳ ನಡುವೆ ಚುರುಕಾಗಿ ತಿರುಗಿ ಸಣ್ಣ ಹಕ್ಕಿಯನ್ನು ಹಿಡಿಯುವುದು ಪುಟ್ಟ ಗೂಬೆಯೇ.

ಹರಟೆಮಲ್ಲಗಳ ವಿಷಯ ಬೇರೆ. ಅವು ಸದಾ ಹಿಂಡಾಗಿ ನೆಲದಲ್ಲಿ ದರಗು ಕೆದಕುತ್ತಾ ವಟಗುಟ್ಟುತ್ತಲೇ ಇರುತ್ತವೆ, ಆ ವಟವಟಕ್ಕೆ ದೂರಿನ ಅರ್ಥವಿಲ್ಲ. ದೂರು ಶುರುವಾದರೆ ಸದ್ದು ಒಂದೇ ಸಮನೆ ಏರುತ್ತದೆ, ಹಿಂಡು ಹರಡಿಕೊಂಡಿದ್ದದ್ದು ಸುತ್ತುಗಟ್ಟುತ್ತದೆ, ರೆಕ್ಕೆ ಬಾಲ ಕೆದರುತ್ತವೆ. ಕಳೆ ಕಡಿಯುವ ಕಾಲದಲ್ಲಿ ಒಮ್ಮೆ ಹೀಗೆ ಸುತ್ತುಗಟ್ಟಿದ್ದನ್ನು ಕಂಡು ಕತ್ತಿ ಹಿಡಿದವರನ್ನು ಆ ಸಾಲಿಗೆ ಹೋಗದಂತೆ ತಡೆದೆ. ರೋಬಸ್ಟಾ ಗಿಡದ ಕೆಳಗೊಂಬೆಯಲ್ಲಿ ಗುಳಿಮಂಡಲ ಸುರುಳಿ ಸುತ್ತಿ ಮಲಗಿತ್ತು. ಹಸಿರು ಮೈ, ಮೇಲೆ ಕಂದು ಮಚ್ಚೆ. ಎಲೆ ನೆರಳಿನಲ್ಲಿ ಒಂದು ಮಾರು ದೂರದಿಂದಲೂ ಕಾಣುವಂಥದ್ದಲ್ಲ. ಈ ಹಾವು ಒಂದೇ ಕೊಂಬೆಯ ಮೇಲೆ ಬಹಳ ಹೊತ್ತು ಅಲುಗದೆ ಕಾಯುತ್ತದೆ. ನಾವು ಆ ಗಿಡ ಬಿಟ್ಟು ಕೆಲಸ ಮುಂದುವರಿಸಿದೆವು. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು: ಹಕ್ಕಿ ಸುಮ್ಮನಿದೆ ಎಂದರೆ ಹಾವಿಲ್ಲ ಎಂದಲ್ಲ. ಬೂಟು, ಕೋಲು, ಕೈಗವಸು ಯಾವತ್ತೂ ಬಿಡಬಾರದು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಭೀಮರಾಜ. ಬಾಲದ ತುದಿಯಲ್ಲಿ ಎರಡು ಉದ್ದ ಎಳೆ ಜೋಲಾಡಿಸುವ ಈ ಕರಿಹಕ್ಕಿ ಅಣಕದಲ್ಲಿ ಗಟ್ಟಿಗ. ಪನ್ನಗಾರಿ ಗಿಡುಗದ ಸಿಳ್ಳೆ, ಹರಟೆಮಲ್ಲಗಳ ಗದ್ದಲ, ಬೆಕ್ಕಿನ ಮಿಯಾಂವ್ ಎಲ್ಲವೂ ಅದರ ಗಂಟಲಲ್ಲಿದೆ. ಶ್ರೀಲಂಕಾದ ಕಾಡಿನಲ್ಲಿ ಗುಡೇಲ್ ಮತ್ತು ಕೊಟಗಮ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಭೀಮರಾಜ ಸಿಕ್ಕಸಿಕ್ಕಾಗ ಅಣಕಿಸುವುದಿಲ್ಲ, ಅಪಾಯದ ಹೊತ್ತಿನಲ್ಲಿ ಬೇಟೆಗಾರ ಹಕ್ಕಿಗಳ ದನಿಯನ್ನೂ ಬೇರೆ ಹಕ್ಕಿಗಳ ಎಚ್ಚರಿಕೆಯ ಕೂಗನ್ನೂ ಆರಿಸಿ ಬಳಸುತ್ತದೆ ಎಂದು ಅವರು ತೋರಿಸಿದರು. ನಮ್ಮ ತೋಟದಲ್ಲೂ ಅದು ಹರಟೆಮಲ್ಲಗಳ ಗದ್ದಲವನ್ನು ತೆಗೆಯುವುದು ಗಿಡುಗವೋ ಬೆಕ್ಕೋ ಕಂಡಾಗಲೇ. ಹಾಗಾಗಿ ಅಣಕು ಎಂದು ಗೊತ್ತಾದ ಮೇಲೂ ನಾನು ಕೊಕ್ಕಿನ ದಿಕ್ಕು ನೋಡುವುದನ್ನು ಬಿಡುವುದಿಲ್ಲ. ಗುರುತಿಸಲು ಒಂದು ಉಪಾಯ ಹೇಳುತ್ತೇನೆ: ಅಣಕಿನ ನಡುವೆ ಅದರ ಸ್ವಂತದ ಲೋಹ ಬಡಿದಂಥ 'ಟಂಗ್' ದನಿ ನುಸುಳುತ್ತದೆ, ಅದಕ್ಕೆ ಕಾಯಬೇಕು. ಜತೆಗೆ ಬಿಳಿಹೊಟ್ಟೆಯ ಮಟಪಕ್ಷಿ ಇದ್ದರೆ ಸಂಶಯವೇ ಬೇಡ. ಪಶ್ಚಿಮಘಟ್ಟಕ್ಕೇ ಸೀಮಿತವಾದ ಈ ಹಕ್ಕಿಯೂ ಭೀಮರಾಜನೂ ಕೂಡಿ ತಿರುಗುವುದನ್ನು ಬೆಟ್ಟದ ಕಡೆಯ ತೋಟದವರೆಲ್ಲ ನೋಡಿರುತ್ತಾರೆ.

ಕೂಗೆಲ್ಲ ಎಚ್ಚರಿಕೆಯಲ್ಲ. ಅಕ್ಟೋಬರ್ ಹೊತ್ತಿಗೆ ಉತ್ತರದಿಂದ ಬರುವ ಕಂದು ಕಳಿಂಗ ಬೇಲಿಯ ಮೇಲೆ ಕೂತು ಗಂಟಲು ಹರಿಯುವಂತೆ ಅರಚುತ್ತದೆ. ಚಳಿಗಾಲ ಕಳೆಯಲು ಹಿಡಿದ ಜಾಗಕ್ಕಾಗಿ ಅದರ ಜಗಳ. ಹಾಲುವಾಣ ಹೂಬಿಟ್ಟಾಗ ನೀಲಿರೆಕ್ಕೆಯ ಮಲೆಗಿಳಿಗಳ ಕೀಚು ಕೀಚು ಇಡೀ ಮರ ತುಂಬುತ್ತದೆ, ಅದು ಊಟದ ಗಲಾಟೆ. ಬೂದು ಮಂಗಟ್ಟೆ ಅತ್ತಿಮರದಲ್ಲಿ ಕೇಕೆ ಹಾಕಿ ನಕ್ಕಂತೆ ಕೂಗುವುದಕ್ಕೂ ಹೆದರಬೇಕಿಲ್ಲ. ಹರಟೆಮಲ್ಲಗಳ ಹಿಂಡಿನ ಹಿಂದೆ ಬಿಡದೆ ಕಿರುಚುವ ಮರಿಯೊಂದು ಕಂಡರೆ ಸರಿಯಾಗಿ ನೋಡಿ, ಅದು ಅವುಗಳ ಗೂಡಿನಲ್ಲಿ ಬೆಳೆದ ಕೋಗಿಲೆ ಚಾಣದ ಮರಿ ಇರಬಹುದು. ಬಾಯಿ ತೆರೆದು ಕಿರುಚಿದಷ್ಟೂ ಸಾಕುತಾಯಂದಿರು ಹುಳ ತಂದು ತುರುಕುತ್ತಾರೆ.

ಬರೆದಿಡುವುದು ಹೀಗೆ. ಪುಸ್ತಕದಲ್ಲಿ ಹಕ್ಕಿಯ ಹೆಸರಿಗಿಂತ ಮೊದಲು ಸದ್ದು ಬರೆಯುತ್ತೇನೆ, ಕನ್ನಡದ ಒತ್ತಕ್ಷರ ಇದಕ್ಕೆ ಬಹಳ ಒದಗುತ್ತದೆ. ಮಟಪಕ್ಷಿಗೆ 'ಖರ್ರ್‌ಖ', ರಾಜಹಕ್ಕಿಗೆ 'ಕ್ಷ್ರೇ' (ಅಷ್ಟು ಚೆಂದದ ಬಿಳಿಬಾಲದ ಹಕ್ಕಿಗೆ ಅಷ್ಟು ಒರಟು ದನಿ). ಪಕ್ಕದಲ್ಲಿ ಒಂದು ಕ್ರಿಯಾಪದ: ಅರಚಿತು, ಕಿರುಚಿತು, ವಟಗುಟ್ಟಿತು, ಗೊಣಗಿತು, ಬೊಬ್ಬೆ ಹಾಕಿತು. ಪ್ರತಿಯೊಂದಕ್ಕೂ ನನ್ನಲ್ಲಿ ಒಂದೇ ಅರ್ಥ, ಅದಲು ಬದಲು ಮಾಡುವುದಿಲ್ಲ. ಬೊಬ್ಬೆ ಎಂದು ಬರೆದರೆ ಹಲವು ಜಾತಿ ಸೇರಿದ ಗದ್ದಲ, ಗೊಣಗಿತು ಎಂದರೆ ಒಂಟಿ ಹಕ್ಕಿಯ ತಗ್ಗಿದ ದನಿ. ಆಮೇಲೆ ಮರ, ಹೊತ್ತು, ಕೊಕ್ಕಿನ ದಿಕ್ಕು. ಕೊನೆಯ ಅಂಕಣದಲ್ಲಿ ಯಾರ ಮೇಲೆ ಎಂಬುದು. ಅದು ಎಷ್ಟೋ ಸಲ ಖಾಲಿ ಉಳಿಯುತ್ತದೆ, ಊಹೆಯಿಂದ ತುಂಬಿಸುವುದಿಲ್ಲ.

ಮೊಬೈಲಿನಲ್ಲಿ ಧ್ವನಿಮುದ್ರಣವನ್ನೂ ಮಾಡುತ್ತೇನೆ. ಕಾರ್ನೆಲ್ ವಿಶ್ವವಿದ್ಯಾಲಯದ ಮರ್ಲಿನ್ ಆ್ಯಪ್ ಒಂಟಿ ಹಕ್ಕಿಯ ಹೆಸರು ಹೇಳಲು ಒಳ್ಳೆಯದು. ಗುಂಪು ಗದ್ದಲದಲ್ಲಿ ಅದೂ ತಡವರಿಸುತ್ತದೆ, ಭೀಮರಾಜನ ಅಣಕು ಕೇಳಿ ಅಲ್ಲಿ ಇಲ್ಲದ ಹಕ್ಕಿಯ ಹೆಸರು ತೋರಿಸಿದ್ದೂ ಉಂಟು. ಹೆಸರು ತಿಳಿದಮೇಲೂ ಹಕ್ಕಿ ಯಾಕೆ ಕೂಗಿತು ಎಂಬುದು ಉಳಿದೇ ಇರುತ್ತದೆ. ಅದಕ್ಕೆ 2005ರಿಂದ ನಡೆಯುತ್ತಿರುವ ಝೆನೋ ಕ್ಯಾಂಟೋ ಎಂಬ ಹಕ್ಕಿದನಿಗಳ ಅಂತರ್ಜಾಲ ಸಂಗ್ರಹ ನೆರವಾಯಿತು. ಅಲ್ಲಿ ಹಾಡು, ಕೂಗು, ಎಚ್ಚರಿಕೆಯ ಕೂಗು ಎಂದು ಬೇರೆ ಬೇರೆ ಗುರುತು ಹಾಕಿರುತ್ತಾರೆ. ರಾತ್ರಿ ಕೂತು ನನ್ನ ಮುದ್ರಣವನ್ನು ಅವುಗಳ ಜತೆ ಹೋಲಿಸುತ್ತೇನೆ.

ಆದರೆ ಹಾಗೆ ಮುದ್ರಿಸಿಕೊಂಡ ಬೊಬ್ಬೆಯನ್ನು ತೋಟದಲ್ಲಿ ಹಕ್ಕಿಗಳಿಗೆ ಕೇಳಿಸಬೇಡಿ. ಫೋಟೋ ಸಿಗಲಿ ಎಂದು ಗೂಬೆಯ ದನಿ ಹಾಕಿ ಹಕ್ಕಿಗಳನ್ನು ಕರೆಯುವವರನ್ನು ಕಂಡಿದ್ದೇನೆ, ಕಂಡಾಗ ನಿಲ್ಲಿಸಲು ಹೇಳಿದ್ದೇನೆ. ಇಲ್ಲದ ಶತ್ರುವಿಗಾಗಿ ಮರಿಗಳನ್ನು ಗೂಡಿನಲ್ಲಿ ಬಿಟ್ಟು ಬಂದು ಅವು ಬಡಿದಾಡುತ್ತವೆ, ಆ ಹೊತ್ತಿನಲ್ಲಿ ಗೂಡಿಗೆ ಕಾಗೆ ಬಂದರೆ ಕಾಯುವವರು ಯಾರೂ ಇರುವುದಿಲ್ಲ.

ಗದ್ದೆಯ ಟಿಟ್ಟಿಭದ ಮಾತು ಹೇಳದಿದ್ದರೆ ಆಗದು. ನೆಲದ ಮೇಲೆಯೇ ಮೊಟ್ಟೆಯಿಡುವ ಈ ಹಕ್ಕಿಗೆ ದನ, ನಾಯಿ, ಮನುಷ್ಯ ಎಲ್ಲರ ಮೇಲೂ ದೂರು. ಹಗಲಿನಲ್ಲಿ ಅದರ ಕೂಗಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಪೈರು ತೆನೆ ಕಟ್ಟಿದ ಕಾಲದಲ್ಲಿ, ರಾತ್ರಿ, ಅದು ಏಕಾಏಕಿ ಎದ್ದು ಕೂಗಿದರೆ ಮಾತ್ರ ಮನೆಯಿಂದ ಯಾರನ್ನೂ ಹೊರಗೆ ಬಿಡುವುದಿಲ್ಲ. ಆನೆ ಗದ್ದೆಗೆ ಇಳಿದಿರಬಹುದು. ಮರದ ಹಕ್ಕಿಗಳು ಆನೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅವುಗಳ ಮರಿಗಳಿಗೆ ಆನೆಯಿಂದ ತೊಂದರೆಯಿಲ್ಲ. ಹಾಗಾಗಿ ತೋಟದೊಳಗೆ ಆನೆಯ ಸುಳಿವಿಗೆ ಹಕ್ಕಿಯನ್ನು ನಂಬಿ ಕೂರಬಾರದು. ಕೊಂಬೆ ಮುರಿಯುವ ಸದ್ದು, ಹಸಿ ಲದ್ದಿ, ಅರಣ್ಯ ಇಲಾಖೆಯವರ ಸಂದೇಶ, ಇವೇ ಗತಿ.

ಇದನ್ನು ಹೊಸದಾಗಿ ಶುರು ಮಾಡುವವರು ಪಿಕಳಾರದಿಂದ ಶುರು ಮಾಡಿ. ಮನೆ ಹಿತ್ತಲಲ್ಲೇ ಸಿಗುತ್ತದೆ, ಮನುಷ್ಯರಿಗೆ ಅಷ್ಟಾಗಿ ಅಂಜುವುದಿಲ್ಲ, ಮೊದಲ ದೂರು ಬಹಳ ಸಲ ಅದರದ್ದೇ. ಅದರ ಮಾಮೂಲಿ ಉಲಿಯನ್ನು ಕೆಲವು ವಾರ ಕೇಳಿ ಮನಸ್ಸಿನಲ್ಲಿ ಇಟ್ಟುಕೊಂಡರೆ, ಒಂದು ದಿನ ಆ ಉಲಿ ಗಡಸಾದಾಗ ಕಿವಿ ತಾನೇ ನಿಮಿರುತ್ತದೆ. ಆಗ ಓಡಬೇಡಿ. ಇದ್ದಲ್ಲೇ ನಿಂತು ಮೊದಲು ಕೊಕ್ಕು ಎತ್ತ ಇದೆ ನೋಡಿ.