ಕೊಳೆರೋಗದ ಪುಟವನ್ನು ಎರಡನೆಯ ಸಲ ಬರೆದದ್ದು

ಮಲೆನಾಡಿನ ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದರ ಜಾಲತಾಣಕ್ಕೆ ಬರೆದುಕೊಡಲು ಒಪ್ಪಿಕೊಂಡಾಗ, ಪತ್ರಿಕೆಗಳಿಗೆ ಲೇಖನ ಬರೆದ ಅನುಭವವೇ ಸಾಕೆಂದು ಭಾವಿಸಿದ್ದೆ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಪುಟವನ್ನು ಅಡಿಕೆಯ ಇತಿಹಾಸದಿಂದ ಆರಂಭಿಸಿ, ರೋಗ ಹರಡುವ ಬಗೆಯನ್ನು ವಿವರಿಸಿ, ಅದನ್ನು ತಡೆಯಲು ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿ ಮಾಡುವ ಬೋರ್ಡೋ ದ್ರಾವಣದ ಪ್ರಮಾಣವನ್ನು ಏಳನೆಯ ಪ್ಯಾರಾದಲ್ಲಿ ಇಟ್ಟಿದ್ದೆ.

ಆ ಪುಟವನ್ನು ಪರಿಚಿತ ಬೆಳೆಗಾರರೊಬ್ಬರ ಮೊಬೈಲಿನಲ್ಲಿ ತೆರೆದುಕೊಟ್ಟು, ಏನೂ ಹೇಳದೆ ಪಕ್ಕದಲ್ಲಿ ಕುಳಿತೆ. ಅವರ ಹೆಬ್ಬೆರಳು ನನ್ನ ಪೀಠಿಕೆಯ ಮೇಲೆ ಕ್ಷಣವೂ ನಿಲ್ಲಲಿಲ್ಲ, ಪ್ರಮಾಣವಿದ್ದ ಪ್ಯಾರಾವನ್ನೂ ದಾಟಿ ಪುಟದ ತುದಿ ಮುಟ್ಟಿದ ಮೇಲೆ, "ಸುಣ್ಣ ಎಷ್ಟು ಹಾಕಬೇಕು ಅಂತ ಎಲ್ಲಿ ಬರೆದಿದ್ದೀರಿ ಮಾರಾಯ್ರೆ?" ಎಂದು ಕೇಳಿದರು. ತಾವು ಪರೀಕ್ಷಿಸಿದವರಲ್ಲಿ ಶೇ. 79 ಮಂದಿ ಹೊಸ ಜಾಲಪುಟದ ಮೇಲೆ ಬರಿದೇ ಕಣ್ಣಾಡಿಸುತ್ತಾರೆಂದೂ ಪದಪದವನ್ನೂ ಓದುವವರು ಶೇ. 16 ಮಾತ್ರವೆಂದೂ ಜಾಲತಾಣಗಳ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ 1997ರಲ್ಲಿ ಬರೆದದ್ದನ್ನು ನಾನು ಓದಿದ್ದೆ. ಆದರೆ ಆ ಶೇ. 79ರಲ್ಲಿ ನನ್ನ ಓದುಗರೂ ಇದ್ದಾರೆಂದು ಹೊಳೆದದ್ದು ಆ ದಿನ.

ಎರಡನೆಯ ಸಲ ಬರೆಯುವಾಗ, 100 ಲೀಟರ್ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬುದೇ ಮೊದಲ ಸಾಲಾಯಿತು. ಅದರ ಕೆಳಗೆ, ತೋಟದಲ್ಲಿ ಕೈ ನಡೆಯುವ ಕ್ರಮದಲ್ಲಿಯೇ ವಾಕ್ಯಗಳನ್ನು ಜೋಡಿಸಿದೆ: ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ತಲಾ 50 ಲೀಟರ್ ನೀರಿಗೆ ಕರಗಿಸುವುದು, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯುವುದು, ಹೊಳೆಯುವ ಕಬ್ಬಿಣದ ಕತ್ತಿಯನ್ನು ಅದ್ದಿ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸುವುದು, ಕಲಸಿದ್ದನ್ನು ಅದೇ ದಿನ ಮುಗಿಸುವುದು. "ಸಿಂಪರಣೆ" ಎಂದಿದ್ದಲ್ಲಿ "ಔಷಧಿ ಹೊಡೆಯುವುದು" ಎಂದು ತಿದ್ದಿದೆ. ಕೊಳೆರೋಗವನ್ನು ದಕ್ಷಿಣ ಕನ್ನಡದವರು ಮಹಾಳಿ ಎನ್ನುವುದರಿಂದ ಶೀರ್ಷಿಕೆಯಲ್ಲಿ ಎರಡೂ ಹೆಸರುಗಳನ್ನು ಇಟ್ಟೆ; ಹುಡುಕುವವರು ತಮ್ಮ ಊರಿನ ಮಾತನ್ನೇ ಬರೆದು ಹುಡುಕುತ್ತಾರಲ್ಲವೇ?

ಹೆಚ್ಚು ದಿನ ಹಿಡಿದದ್ದು ಹಳೆಯ ಕರಪತ್ರಗಳ ಕೆಲಸ. ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಯೂನಿಕೋಡ್ ಸಂಕೇತದಲ್ಲಿಲ್ಲದೆ, ಹಳೆಯ "ನುಡಿ" ತಂತ್ರಾಂಶದ ಅಕ್ಷರಗಳಲ್ಲಿದ್ದ ಅವುಗಳನ್ನು ಯಾರೋ ಚಿತ್ರವಾಗಿಸಿ ತಾಣಕ್ಕೆ ಏರಿಸಿದ್ದರು. ಅವುಗಳಲ್ಲಿನ ಪದಗಳನ್ನು ಹುಡುಕಿದರೆ ಪುಟ ಸಿಗುತ್ತಿರಲಿಲ್ಲ, ಮೊಬೈಲಿನಲ್ಲಿ ಹಿಗ್ಗಿಸಿದರೆ ಅಕ್ಷರಗಳು ಮಸುಕಾಗುತ್ತಿದ್ದವು. ಮೂಲ ಕಡತಗಳನ್ನು ಯೂನಿಕೋಡಿಗೆ ಬದಲಿಸಿದೆನಾದರೂ, ಪರಿವರ್ತನೆಯಲ್ಲಿ ಜಾಗ ತಪ್ಪಿದ ಅರ್ಕಾವತ್ತು, ಒತ್ತಕ್ಷರಗಳನ್ನು ಸಾಲುಸಾಲಾಗಿ ಕೈಯಿಂದಲೇ ತಿದ್ದಬೇಕಾಯಿತು.

ಸಂಘದ ಪರಿಚಯವೇ ಮೊದಲು ಬರಬೇಕೆಂದು ನಿರ್ದೇಶಕರೊಬ್ಬರು ಪಟ್ಟು ಹಿಡಿದಿದ್ದರು. ಅದನ್ನು ಬೇರೆ ಪುಟಕ್ಕೆ ಸಾಗಿಸಿ, ಕೊಂಡಿಗೆ "ಇಲ್ಲಿ ಕ್ಲಿಕ್ ಮಾಡಿ" ಎನ್ನದೆ "ಸಂಘ ನಡೆದು ಬಂದ ದಾರಿ" ಎಂದು ಹೆಸರಿಟ್ಟ ಮೇಲೆ ಅವರೂ ಒಪ್ಪಿದರು. ಈಗ ಪ್ರತಿ ವರ್ಷ ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಆ ಪುಟವನ್ನು ಮೊಬೈಲಿನಲ್ಲಿಯೇ ತೆರೆದು ಓದಿ, ಬೇಕಾದಲ್ಲಿ ತಿದ್ದಿ, ಶೀರ್ಷಿಕೆಯ ಕೆಳಗೆ ಆ ದಿನದ ದಿನಾಂಕ ಹಾಕುತ್ತೇನೆ.