ಜರ್ಮನಿಗೆ ಹೊರಡುವ ಮೊದಲು ನನ್ನ ಇನಿಷಿಯಲ್ ಬಿಡಿಸಿಕೊಂಡಿದ್ದು

ನಾನು ತಿಪಟೂರಿನವಳು. ಬಿ.ಇ. ಮುಗಿಸಿ ಎರಡು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿದೆ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಎಂ.ಎಸ್ಸಿ. ಓದಲು ಜರ್ಮನಿಯ ಮ್ಯಾಗ್ಡೆಬರ್ಗ್‌ಗೆ ಬಂದೆ. ತಯಾರಿಗೆ ಹದಿಮೂರು ತಿಂಗಳು ಹಿಡಿಯಿತು. ಪರೀಕ್ಷೆ, ಅರ್ಜಿ, ವೀಸಾ ಎಲ್ಲಕ್ಕಿಂತ ನನ್ನನ್ನು ಜಾಸ್ತಿ ಓಡಾಡಿಸಿದ್ದು ನನ್ನದೇ ಹೆಸರು.

ನನ್ನ ಅಂಕಪಟ್ಟಿಗಳಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್ ಇವೆ, ಕೆ ಮತ್ತು ಆರ್. ಕೆ ಅಂದರೆ ಕಿಬ್ಬನಹಳ್ಳಿ, ನಮ್ಮ ತಾತನ ಊರು. ಆರ್ ಅಪ್ಪನ ಹೆಸರು. ನಮ್ಮ ಕಡೆ ಮನೆ ಮನೆಯಲ್ಲೂ ಹೀಗೇ ಅಲ್ವಾ? ಆದರೆ ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಕಾಲೇಜಿನಲ್ಲಿದ್ದಾಗ ಮಾಡಿಸಿದ ಪಾಸ್‌ಪೋರ್ಟ್‌ನಲ್ಲಿ ಬರೀ ನನ್ನ ಹೆಸರಿತ್ತು. ಸರ್‌ನೇಮ್ ಜಾಗ ಖಾಲಿ. ನನಗಿಂತ ಮೊದಲು ಜರ್ಮನಿಗೆ ಹೋಗಿದ್ದ ಗೆಳತಿಯದ್ದೂ ಹಾಗೇ ಇತ್ತು. ಅವಳಿಗೆ ಬರುವ ಪತ್ರಗಳಲ್ಲಿ ಕೆಲವಕ್ಕೆ ಅದೇ ಹೆಸರು ಎರಡು ಸಲ, ಕೆಲವಕ್ಕೆ ಹೆಸರಿನ ಪಕ್ಕ ಒಂದು ಗೆರೆ. "ನೀನು ಎಲ್ಲಕ್ಕೂ ಮೊದಲು ಇದನ್ನ ಸರಿ ಮಾಡ್ಕೋ ಕಣೇ" ಅಂದಳು. ಅವಳ ಮಾತು ಕೇಳಿದ್ದು ಒಳ್ಳೆಯದಾಯಿತು.

2024ರ ಆಗಸ್ಟ್‌ನಲ್ಲಿ ಮೊದಲು ಆಧಾರ್ ತಿದ್ದಿಸಿದೆ. ಆಮೇಲೆ ಪಾಸ್‌ಪೋರ್ಟ್ ಮರುವಿತರಣೆಗೆ ಹಾಕಿದೆ. ಸರ್‌ನೇಮ್ ಜಾಗದಲ್ಲಿ ಊರು, ಅಪ್ಪನ ಹೆಸರು ಎರಡನ್ನೂ ಪೂರ್ತಿ ಬರೆಸಿದೆ. ಅಂಕಪಟ್ಟಿಯಲ್ಲಿರುವವಳೂ ಪಾಸ್‌ಪೋರ್ಟ್‌ನಲ್ಲಿರುವವಳೂ ಒಬ್ಬಳೇ ಎಂದು ಛಾಪಾ ಕಾಗದದಲ್ಲಿ ಅಫಿಡವಿಟ್ ಮಾಡಿಸಿ, ನೋಟರಿ ಸಹಿ ಹಾಕಿಸಿದೆ. ಅದರ ಸ್ಕ್ಯಾನ್ ಪ್ರತಿಯನ್ನು ಪ್ರತಿ ಅರ್ಜಿಯ ಜೊತೆಗೂ ಇಟ್ಟೆ. ಕೇಳದಿದ್ದರೂ ಇಟ್ಟೆ.

ಅಷ್ಟಾದರೂ ಒಂದು ಎಡವಟ್ಟು ಆಯಿತು. ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ (ಎಲ್ಲ ಸೆಮಿಸ್ಟರ್‌ಗಳ ಅಂಕ ಒಟ್ಟಿಗಿರುವ ಪಟ್ಟಿ) ಕೈಗೆ ಬಂದಾಗ ಇನಿಷಿಯಲ್ ಹಿಂದುಮುಂದಾಗಿತ್ತು, ಆರ್ ಕೆ ಅಂತ. ಕೌಂಟರ್‌ನಲ್ಲಿದ್ದವರು "ಇದೇನು ದೊಡ್ಡ ವಿಷಯ ಬಿಡಿ" ಅಂದರು. ನಾನು ಬಿಡಲಿಲ್ಲ. ಸರಿಯಾಗಿ ಬರುವ ಹೊತ್ತಿಗೆ ಐದು ವಾರ. ಯಾವ ಕಾಗದ ಕೈಗೆ ಬಂದರೂ ಕೌಂಟರ್ ಬಿಡುವ ಮೊದಲು ಅಲ್ಲೇ ನಿಂತು ಅಕ್ಷರ ಅಕ್ಷರ ಓದಿ.

ಇಷ್ಟು ಹಟ ಯಾಕೆ ಅಂದರೆ ಎಪಿಎಸ್, ಅಂದರೆ ನಮ್ಮ ಓದಿನ ದಾಖಲೆಗಳನ್ನು ಪರಿಶೀಲಿಸುವ ಜರ್ಮನಿಯ ಕಚೇರಿ. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳು ಜರ್ಮನಿಗೆ ಓದಲು ಹೋಗಬೇಕಾದರೆ ಅದರ ಪ್ರಮಾಣಪತ್ರ ಬೇಕು. ನಮ್ಮ ಅಂಕಪಟ್ಟಿಗಳು ಅಸಲಿಯೇ ಎಂದು ಅವರು ಪರಿಶೀಲಿಸುತ್ತಾರೆ. ನಾನು ಕಟ್ಟಿದ ಶುಲ್ಕ 18,000 ರೂಪಾಯಿ. ಆಗ ಕಾಗದಗಳು ದೆಹಲಿಗೆ ಹೋಗಬೇಕಿತ್ತು. ಅಲ್ಲಿ ಸಿಕ್ಕಿಕೊಂಡರೆ ಮುಂದಿನದೆಲ್ಲ ನಿಂತುಹೋಗುತ್ತದೆ. ಚಳಿಗಾಲದ ಸೆಮಿಸ್ಟರ್‌ಗೆ ಅರ್ಜಿಯ ಕಡೆ ದಿನ ಕೆಲವು ಕಡೆ ಮಾರ್ಚ್‌ಗೇ ಮುಗಿಯುತ್ತದೆ, ಕೆಲವು ಕಡೆ ಜುಲೈ 15ರವರೆಗೂ ಇರುತ್ತದೆ. ನಾನು ಕಾಗದ ಕಳಿಸಿದ್ದು ನವೆಂಬರ್‌ನಲ್ಲಿ. ಅದಕ್ಕಿಂತ ತಡ ಮಾಡಬೇಡಿ.

ಅಂಕದ ಲೆಕ್ಕ ಜರ್ಮನಿಯಲ್ಲಿ ತಿರುಗಾಮುರುಗ. ನನ್ನದು 10ಕ್ಕೆ 7.8, ಪಾಸಾಗಲು ಕನಿಷ್ಠ 4. ಗರಿಷ್ಠದಿಂದ ನನ್ನ ಅಂಕ ಕಳೆದರೆ 2.2. ಗರಿಷ್ಠದಿಂದ ಕನಿಷ್ಠ ಕಳೆದರೆ 6. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಬೇಕು. ಬರುವುದು 2.1. ಅಲ್ಲಿ 1 ಎಲ್ಲಕ್ಕಿಂತ ಒಳ್ಳೆಯದು. 4 ಬಂದರೆ ಬರೀ ಪಾಸು. ಎಷ್ಟೋ ಕೋರ್ಸ್‌ಗಳು 2.5ರ ಒಳಗೆ ಇರಬೇಕು ಅನ್ನುತ್ತವೆ. ಕೋರ್ಸ್ ಹುಡುಕುವ ಮೊದಲೇ ಈ ಲೆಕ್ಕ ಹಾಕಿಕೊಂಡಿದ್ದರಿಂದ ಐದೇ ಕಡೆ ಅರ್ಜಿ ಹಾಕಿದೆ. ಎಷ್ಟೋ ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ಪರಿಶೀಲಿಸುವ ಯೂನಿ-ಅಸಿಸ್ಟ್ ಸಂಸ್ಥೆಗೆ ಮೊದಲ ಅರ್ಜಿಗೆ 75 ಯೂರೋ, ಆಮೇಲಿನ ಒಂದೊಂದಕ್ಕೂ 30 ಯೂರೋ. ಸುಮ್ನೆ ಹತ್ತು ಕಡೆ ಹಾಕಿದರೆ ದುಡ್ಡು ದಂಡ.

ಇನ್ನು ದುಡ್ಡು. ನಾನು ಸೇರಿದ ಕಡೆ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್‌ಗೊಮ್ಮೆ ಸಣ್ಣ ಶುಲ್ಕ ಅಷ್ಟೇ. ಆದರೆ ವೀಸಾಕ್ಕೆ ಮೊದಲೇ ಬ್ಲಾಕ್ಡ್ ಅಕೌಂಟ್‌ನಲ್ಲಿ 11,904 ಯೂರೋ ಇಡಬೇಕು. ಒಂದು ಯೂರೋ ನೂರು ರೂಪಾಯಿಯ ಆಸುಪಾಸಿನಲ್ಲಿತ್ತು, ಹತ್ತಿರ ಹತ್ತಿರ ಹನ್ನೆರಡು ಲಕ್ಷ. ಅದು ನಮ್ಮದೇ ದುಡ್ಡು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಕೈಗೆ ಬರುತ್ತದೆ. ಇದನ್ನು ಅಪ್ಪನಿಗೆ ಅರ್ಥ ಮಾಡಿಸಲು ಒಂದು ಸಂಜೆ ಬೇಕಾಯಿತು. "ಹಂಗಾದ್ರೆ ಅದು ಫೀಸಲ್ಲ, ನಿನ್ನ ಊಟದ ಖರ್ಚು" ಅಂದರು ಕೊನೆಗೆ. ನನ್ನ ಉಳಿತಾಯ ಸಾಲಲಿಲ್ಲ, ಸಾಲಕ್ಕೆ ಹೋದೆವು. ತೆಂಗಿನ ತೋಟದ ಪಹಣಿ ಹಿಡಿದು ಹೋದರೆ, ಕೃಷಿ ಜಮೀನು ಆಧಾರಕ್ಕೆ ಆಗುವುದಿಲ್ಲ ಎಂದರು ಬ್ಯಾಂಕಿನವರು. ಕೊನೆಗೆ ಪೇಟೆಯ ಮನೆಯ ಖಾತೆ, ಇಸಿ (ಋಣಭಾರ ಪ್ರಮಾಣಪತ್ರ) ಕೊಟ್ಟೆವು. ಅಪ್ಪ ಆ ಪತ್ರಗಳನ್ನು ಕವರಿನಿಂದ ತೆಗೆದು ಕೊಡುವಾಗ ಒಂದು ಮಾತೂ ಆಡಲಿಲ್ಲ. ಆ ಹೊತ್ತು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಸಾಮಾನು ಕಟ್ಟುವಾಗ ಅಮ್ಮನಿಗೆ ಎರಡು ಬೇಜಾರು. ಹೊರಗಿನಿಂದ ಬರುವವರು ಹಾಲಿನ ಪದಾರ್ಥಗಳನ್ನು ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಹಾಗಾಗಿ ಬೆಣ್ಣೆ ಕಾಯಿಸಿ ಮಾಡಿದ್ದ ತುಪ್ಪ ಮನೆಯಲ್ಲೇ ಉಳಿಯಿತು. ಇನ್ನೊಂದು ಕೊಬ್ಬರಿ. ಎಣ್ಣೆ ಅಂಶದಿಂದ ಕಾವು ಏರಿ ತಾನೇ ಹೊತ್ತಿಕೊಳ್ಳಬಹುದು ಎಂದು ಚೆಕ್-ಇನ್ ಪೆಟ್ಟಿಗೆಯಲ್ಲಿ ಅದನ್ನು ಬಿಡುವುದಿಲ್ಲ. ತಿಪಟೂರಿನಿಂದ ಹೊರಟವಳ ಪೆಟ್ಟಿಗೆಯಲ್ಲಿ ಕೊಬ್ಬರಿ ಇಲ್ಲವಲ್ಲ ಎಂದು ಅವಳ ಸಂಕಟ. ಸಾರಿನ ಪುಡಿ, ಹುರಿಗಡಲೆ ಚಟ್ನಿಪುಡಿ, ಹುಳಿಪುಡಿ ತಂದೆ. ಅಸಲಿ ಅಂಕಪಟ್ಟಿ, ಅಫಿಡವಿಟ್, ಪ್ರವೇಶಪತ್ರ ಎಲ್ಲ ಕೈಚೀಲದಲ್ಲಿಟ್ಟುಕೊಂಡೆ.

ಇಲ್ಲಿ ಮನೆಗೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಮನೆ ಮಾಲೀಕರು ಸಹಿ ಮಾಡಿದ ಚೀಟಿ ಬೇಕು. ಕಚೇರಿಯಲ್ಲಿದ್ದ ಹೆಂಗಸು ಪಾಸ್‌ಪೋರ್ಟ್ ನೋಡಿ ಹೆಸರನ್ನು ಹಾಗೇ ಟೈಪ್ ಮಾಡಿದರು. ಒಂದು ಪ್ರಶ್ನೆಯೂ ಇಲ್ಲ. ಆಮೇಲೆ ಅಂಚೆಪೆಟ್ಟಿಗೆಯ ಮೇಲೆ ಹೆಸರು ಅಂಟಿಸಬೇಕು ಎಂದು ಪಕ್ಕದ ರೂಮಿನ ಹುಡುಗಿ ಹೇಳಿಕೊಟ್ಟಳು. ಹೆಸರಿಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದಂತೆ. ಒಂದು ಚೀಟಿಯಲ್ಲಿ ದೊಡ್ಡದಾಗಿ ಕಿಬ್ಬನಹಳ್ಳಿ ಎಂದು ಬರೆದು, ಅದರ ಮುಂದೆ ಅಪ್ಪನ ಹೆಸರು ಬರೆದು ಅಂಟಿಸಿದೆ. ಕೆಲವು ದಿನಗಳಲ್ಲಿ ತೆರಿಗೆ ಸಂಖ್ಯೆಯ ಪತ್ರ ಆ ಹೆಸರಿಗೇ ಬಂತು. ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಅಪ್ಪ ಅದನ್ನು ತಾತನಿಗೆ ತೋರಿಸಲು ಅವತ್ತೇ ಊರಿಗೆ ಹೋಗಿದ್ದರಂತೆ.