ಗರ ಬಿದ್ದ ಮೇಲೆ ನಡೆಸಲೇಬೇಕು: ಬ್ಯಾಕ್‌ಗ್ಯಾಮನ್ ಕಲಿತ ನನ್ನ ಅನುಭವ

ಮೊದಲ ಸಂಜೆ ಅರ್ಧ ಆಟ ಮುಗಿಯುವ ತನಕ ನಾನು ಕಾಯಿಗಳನ್ನು ತಿರುಗಾಮುರುಗಾ ನಡೆಸುತ್ತಿದ್ದೆ. ಸುಮ್ಮನೆ ನೋಡುತ್ತಿದ್ದ ಭಾವ ಕೊನೆಗೆ ತಡೆಯಲಾರದೆ, "ಎಲ್ಲಿಗಪ್ಪಾ ಹೊರಟೆ? ನೀನು ಸೇರಬೇಕಾದ ಜಾಗ ಈ ಕಡೆ ಇದೆ" ಎಂದು ನಕ್ಕರು.

ತಪ್ಪು ಪೂರ್ತಿ ನನ್ನದೂ ಅಲ್ಲ. ಬ್ಯಾಕ್‌ಗ್ಯಾಮನ್ ದಾಳ ಹಾಕಿ ಕಾಯಿ ನಡೆಸುವ ಇಬ್ಬರ ಆಟ; ಅದರಲ್ಲಿ ಇಬ್ಬರೂ ಒಂದೇ ದಾರಿಯಲ್ಲಿ, ಆದರೆ ಎದುರುಬದುರು ದಿಕ್ಕಿನಲ್ಲಿ ನಡೆಯುತ್ತಾರೆ. ನನ್ನ ಕಾಯಿ ಎಲ್ಲಿಂದ ಹೊರಡುತ್ತದೋ ಅದೇ ಅವರ ಕಾಯಿ ಸೇರಬೇಕಾದ ಜಾಗ. ಬೋರ್ಡಿನಲ್ಲಿ 24 ಉದ್ದನೆಯ ತ್ರಿಕೋನಗಳಿವೆ, ಆಚೆ ಬದಿಯಲ್ಲಿ 12, ಈಚೆ ಬದಿಯಲ್ಲಿ 12. ಬಣ್ಣ ಒಂದು ಬಿಟ್ಟು ಒಂದು. ಆ ಬಣ್ಣಕ್ಕೆ ಅರ್ಥವೇನೂ ಇಲ್ಲ, ಎಣಿಸಲು ಸುಲಭವಾಗಲಿ ಅಂತ ಅಷ್ಟೆ. ಒಂದೊಂದು ತ್ರಿಕೋನಕ್ಕೂ ಪಾಯಿಂಟ್ ಎನ್ನುತ್ತಾರೆ; ನಾನು ಮನೆ ಎಂದೇ ಕರೆಯುತ್ತೇನೆ. ನಡುವೆ ಬೋರ್ಡನ್ನು ಎರಡಾಗಿ ಸೀಳುವ ಪಟ್ಟಿಯೇ ಬಾರ್. ಹೀಗೆ ಆರಾರು ಮನೆಗಳ ನಾಲ್ಕು ಅಂಗಳಗಳು. ಒಬ್ಬನ ಕಾಯಿಗಳು ಕೊನೆಗೆ ಸೇರಬೇಕಾದ ಅಂಗಳವೇ ಅವನ ಒಳಂಗಳ. ಕಾಯಿಯ ದಾರಿ ಕುದುರೆ ಲಾಳದ ಹಾಗೆ: ಎದುರಾಳಿಯ ಒಳಂಗಳದಿಂದ ಹೊರಟು, ಆಚೆ ಬದಿಯನ್ನು ಪೂರ್ತಿ ದಾಟಿ, ತಿರುಗಿ ಈಚೆ ಬದಿಗೆ ಬಂದು ನನ್ನ ಒಳಂಗಳ ಸೇರಬೇಕು, ಕೊನೆಗೆ ಅಲ್ಲಿಂದ ಬೋರ್ಡಿನ ಹೊರಗೆ ಹೋಗಬೇಕು. ಒಳಂಗಳ ಬಲಗಡೆಯೂ ಇರಬಹುದು, ಎಡಗಡೆಯೂ ಇರಬಹುದು. ನಾನು ಬಲಕ್ಕೆ ಕಲಿತೆ. ಆಮೇಲೆ ಎಡಕ್ಕೆ ಹಾಕಿದ ಬೋರ್ಡಿನ ಮುಂದೆ ಕೂತಾಗ ಮೊದಲಿನಿಂದ ಕಲಿತಷ್ಟೇ ಕಷ್ಟವಾಯಿತು. ಹಾಗಾಗಿ ಹೊಸಬರು ಮೊದಲ ತಿಂಗಳು ಒಂದೇ ಬದಿಗೆ ಅಂಟಿಕೊಳ್ಳುವುದು ಒಳ್ಳೆಯದು.

ದಿಕ್ಕಿನ ಗೊಂದಲ ಬಿಟ್ಟುಹೋದದ್ದು ಮನೆಗಳಿಗೆ ನಂಬರು ಕೊಟ್ಟುಕೊಂಡ ಮೇಲೆ. ನನ್ನ ಒಳಂಗಳದ ಕೊನೆಯ ಮನೆ 1, ಅತಿ ದೂರದ್ದು 24. ಕಾಯಿ ಯಾವಾಗಲೂ ದೊಡ್ಡ ನಂಬರಿನಿಂದ ಚಿಕ್ಕದಕ್ಕೆ ಇಳಿಯುತ್ತದೆ, ಅಷ್ಟೇ. ಎದುರಾಳಿಗೂ ಅವನದೇ ಲೆಕ್ಕ ಇರುತ್ತದೆ. ಒಂದೇ ಮನೆಗೆ ನನ್ನ ನಂಬರು, ಅವನ ನಂಬರು ಕೂಡಿಸಿದರೆ 25. ಇಬ್ಬರಿಗೂ 15 ಕಾಯಿ. ಶುರುವಿನಲ್ಲಿ 24ರಲ್ಲಿ 2, 13ರಲ್ಲಿ 5, 8ರಲ್ಲಿ 3, 6ರಲ್ಲಿ 5. "ಎರಡು ಐದು ಮೂರು ಐದು" ಎಂದು ಫೋನ್ ನಂಬರಿನ ಹಾಗೆ ಬಾಯಿಪಾಠ ಮಾಡಿಕೊಂಡೆ. ಸರಿಯಾಗಿ ಜೋಡಿಸಿದ್ದೀನಾ ಎಂದು ನೋಡಲು ಪ್ರತಿ ಕಾಯಿ ಇನ್ನೆಷ್ಟು ಮನೆ ನಡೆಯಬೇಕು ಎಂದು ಕೂಡಿಸಿದರೆ ಒಟ್ಟು 167 ಬರಬೇಕು. ಭಾವ ಇದನ್ನು ನೋಡಿ, "ಲೆಕ್ಕಪತ್ರ ಬರೆಯೋಕೆ ಕೂತಿದ್ದೀಯೇನಪ್ಪಾ?" ಅಂದರು. ಮುಂದೆ ಓಟದಲ್ಲಿ ಯಾರು ಮುಂದಿದ್ದಾರೆಂದು ತಿಳಿಯಲು ಅದೇ ಲೆಕ್ಕ ಬೇಕಾಗುತ್ತದೆಂದು ಆಗ ಅವರು ಹೇಳಲಿಲ್ಲ!

ಆಟ ಶುರುಮಾಡಲು ಇಬ್ಬರೂ ಒಂದೊಂದು ದಾಳ ಹಾಕುತ್ತಾರೆ. ಹೆಚ್ಚು ಬಿದ್ದವರು ಆ ಎರಡೂ ಅಂಕಿಗಳನ್ನೇ ತಮ್ಮ ಮೊದಲ ಗರವಾಗಿ ನಡೆಸುತ್ತಾರೆ. ಸಮ ಬಿದ್ದರೆ ಮತ್ತೆ ಹಾಕಬೇಕು, ಹಾಗಾಗಿ ಮೊದಲ ಗರ ಜೋಡಿ ಆಗುವುದೇ ಇಲ್ಲ. ಆಮೇಲೆ ಜೋಡಿ ಬಿದ್ದರೆ ಆ ಅಂಕಿಯನ್ನು ನಾಲ್ಕು ಸಲ ನಡೆಸಬೇಕು. ದಾಳ ಕಾಯಿಯ ಮೇಲೆ ಒರಗಿ ನಿಂತರೆ ಎರಡೂ ದಾಳ ಎತ್ತಿ ಮತ್ತೆ ಹಾಕಬೇಕು.

ನನ್ನ ಮೊದಲ ದೊಡ್ಡ ತಪ್ಪು ದಾಳದ ಅಂಕಿಗಳನ್ನು ಕೂಡಿಸಿದ್ದು. 6-5 ಬಿದ್ದರೆ ಹನ್ನೊಂದು ಎಂದುಕೊಂಡೆ. ಅದು ಹನ್ನೊಂದಲ್ಲ, ಒಂದು ಆರು ಮತ್ತು ಒಂದು ಐದು. ಎರಡನ್ನು ಎರಡು ಕಾಯಿಗಳಿಂದ ನಡೆಸಬಹುದು. ಒಂದೇ ಕಾಯಿಯಿಂದ ನಡೆಸುವುದಾದರೆ ನಡುವೆ ಒಂದು ಮನೆಯಲ್ಲಿ ಕಾಲಿಟ್ಟೇ ಹೋಗಬೇಕು, ಆ ಮನೆ ತೆರೆದಿರಬೇಕು. ಎದುರಾಳಿಯ ಎರಡೋ ಹೆಚ್ಚೋ ಕಾಯಿ ಕೂತಿರುವ ಮನೆಗೆ ಕಾಲಿಡುವಂತಿಲ್ಲ. ಆಟದ ಮೊದಲ ಗರದಲ್ಲೇ ಇದನ್ನು ನೋಡಬಹುದು. 6-5 ಬಿದ್ದಾಗ 24ರ ಕಾಯಿಯನ್ನು 13ಕ್ಕೆ ತರಬಹುದು, ಆದರೆ ಮೊದಲು ಆರು ನಡೆದು 18ರಲ್ಲಿ ಕಾಲೂರಿ, ಆಮೇಲೆ ಐದು. ಐದನ್ನು ಮೊದಲು ನಡೆಸಿದರೆ 19 ಸಿಗುತ್ತದೆ. ಅದು ಎದುರಾಳಿಯ 6ನೇ ಮನೆ, ಅಲ್ಲಿ ಅವನ ಐದು ಕಾಯಿ ಕೂತಿವೆ. ಅದೇ ಕಾರಣಕ್ಕೆ, ಎದುರಾಳಿ ಆ ಮನೆ ಬಿಡುವ ತನಕ ಎರಡೂ ದಾಳದಲ್ಲಿ ಐದೇ ಬಿದ್ದರೂ 24ರ ಕಾಯಿಗಳು ಅಲ್ಲಾಡುವಂತಿಲ್ಲ. ಇದು ತಿಳಿದ ದಿನ ಬೋರ್ಡು ನನಗೆ ಬೇರೆಯೇ ಕಾಣಿಸಿತು. ಅದುವರೆಗೆ ಬರೀ ಓಟದ ಪಂದ್ಯ ಎಂದುಕೊಂಡಿದ್ದೆ, ಈಗ ಗೋಡೆ ಕಟ್ಟುವ ಆಟವೂ ಹೌದು ಎಂದಾಯಿತು.

ಮನೆಯಲ್ಲಿ ಒಂದೇ ಕಾಯಿ ಇದ್ದರೆ ಅದು ಒಂಟಿ, ಹೊಡೆಯಲು ಸಿಗುತ್ತದೆ. ಏಟು ತಿಂದ ಕಾಯಿ ಬಾರ್ ಮೇಲೆ ಹೋಗಿ ಕೂರುತ್ತದೆ, ಮತ್ತೆ ಎದುರಾಳಿಯ ಒಳಂಗಳದಿಂದ ಶುರು. ದಾಳದಲ್ಲಿ ಬಿದ್ದ ಅಂಕಿಯ ಮನೆ ಅಲ್ಲಿ ತೆರೆದಿದ್ದರೆ ಮಾತ್ರ ಒಳಗೆ ಬರಬಹುದು. ಅದು ಒಳಗೆ ಬರುವ ತನಕ ಬೇರೆ ಯಾವ ಕಾಯಿಯನ್ನೂ ಮುಟ್ಟುವಂತಿಲ್ಲ. ಈ ಕೊನೆಯ ಮಾತನ್ನು ನಾನು ಕನಿಷ್ಠ ಹತ್ತು ಸಲ ಮರೆತಿದ್ದೇನೆ. ಬಾರ್ ಮೇಲೆ ನನ್ನ ಕಾಯಿ ಕೂತಿರುತ್ತಿತ್ತು, ನಾನು ಬೇರೆಲ್ಲೋ ಒಂದು ಚಂದದ ಮನೆ ಕಟ್ಟುತ್ತಿದ್ದೆ. ಭಾವ ಬೆರಳಿನಿಂದ ಬಾರ್ ಮೇಲೆ ಎರಡು ಸಲ ಟಕಟಕ ಎನ್ನಿಸುತ್ತಿದ್ದರು, ಅಷ್ಟೆ.

ಎರಡು ದಾಳಕ್ಕೆ ಒಟ್ಟು 36 ಬಗೆಯ ಗರ. ಎದುರಾಳಿ ತನ್ನ ಒಳಂಗಳದಲ್ಲಿ ಎರಡು ಮನೆ ಮುಚ್ಚಿದ್ದರೆ 36ರಲ್ಲಿ 32 ಗರದಲ್ಲಿ ಒಳಗೆ ಬರಬಹುದು. ಮೂರು ಮುಚ್ಚಿದ್ದರೆ 27, ನಾಲ್ಕು ಮುಚ್ಚಿದ್ದರೆ 20. ಐದು ಮುಚ್ಚಿದ್ದರೆ ಬರೀ 11. ಆರೂ ಮುಚ್ಚಿದ್ದರೆ ಕೈಕಟ್ಟಿ ಕೂರುವುದೇ. ಒಂಟಿ ಕಾಯಿ ಬಿಡುವ ಮೊದಲು ಇಂಥದ್ದೇ ಇನ್ನೊಂದು ಲೆಕ್ಕ: ನಡುವೆ ಅಡ್ಡಿ ಇಲ್ಲದಿದ್ದರೆ ಆರು ಮನೆ ದೂರದ ಒಂಟಿಯನ್ನು ಹೊಡೆಯುವ ಗರ 17, ಏಳು ಮನೆ ದೂರದ್ದಕ್ಕೆ ಬರೀ 6. ಒಂದೇ ಹೆಜ್ಜೆಯ ವ್ಯತ್ಯಾಸಕ್ಕೆ ಅಪಾಯ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಏಳನ್ನು ಒಂದೇ ದಾಳದಲ್ಲಿ ತರಲು ಬರುವುದಿಲ್ಲವಲ್ಲ.

ಇನ್ನು ನನ್ನನ್ನು ಹೆಚ್ಚು ಸತಾಯಿಸಿದ ನಿಯಮ: ಬಿದ್ದದ್ದನ್ನು ನಡೆಸಲೇಬೇಕು. "ಈ ಸಲ ಬೇಡ" ಎನ್ನುವಂತಿಲ್ಲ. ಎರಡೂ ಅಂಕಿ ನಡೆಸಲು ದಾರಿಯಿದ್ದರೆ ಎರಡನ್ನೂ ನಡೆಸಬೇಕು. ಇದಾದರೂ ಆಗುತ್ತದೆ, ಅದಾದರೂ ಆಗುತ್ತದೆ, ಆದರೆ ಎರಡೂ ಒಟ್ಟಿಗೆ ಆಗುವುದಿಲ್ಲ ಎಂದಾದರೆ ದೊಡ್ಡದನ್ನು ನಡೆಸಬೇಕು. ಕೇಳುವಾಗ ಇದು ಕಚೇರಿಯ ಸುತ್ತೋಲೆಯ ಹಾಗಿದೆ. ಇದರ ರುಚಿ ಗೊತ್ತಾದದ್ದು ಒಂದು ನಿರ್ದಿಷ್ಟ ಆಟದಲ್ಲಿ. ಆ ಆಟದ ಸ್ಥಿತಿ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಾನು 8, 7, 6, 5, 4ನೇ ಮನೆಗಳಲ್ಲಿ ಎರಡೆರಡು ಕಾಯಿ ಇಟ್ಟು ಐದು ಮನೆಯ ಗೋಡೆ ಎಬ್ಬಿಸಿದ್ದೆ. ಅದರ ಹಿಂದೆ ನನ್ನ 3ನೇ ಮನೆಯಲ್ಲಿ ಭಾವನ ಎರಡು ಕಾಯಿ ಸಿಕ್ಕಿಕೊಂಡಿದ್ದವು. ಅವು ಹೊರಬರಲು ಆರು ಬೀಳಲೇಬೇಕಿತ್ತು, ಮೂರು ಸುತ್ತಿನಿಂದ ಬಿದ್ದಿರಲಿಲ್ಲ. ಉಳಿದಂತೆ ನನ್ನ 2ರಲ್ಲಿ ಎರಡು, 1ರಲ್ಲಿ ಎರಡು ಕಾಯಿ, 9ರಲ್ಲಿ ಒಂದು. ಗೆದ್ದೇಬಿಟ್ಟೆ ಎಂದುಕೊಂಡು ದಾಳ ಹಾಕಿದೆ. ಎರಡು ಐದು! "ಆಹಾ, ಜೋಡಿ" ಎಂದು ನಾನೇ ಚಪ್ಪಾಳೆ ತಟ್ಟಿದೆ. ಭಾವ ಮೀಸೆಯಲ್ಲೇ ನಕ್ಕರು.

ನಾಲ್ಕು ಐದು ನಡೆಸಬೇಕು. 9ರಿಂದ 4ಕ್ಕೆ ಒಂದಾಯಿತು. 8ರಿಂದ ಐದು ಇಳಿದರೆ 3, ಅಲ್ಲಿ ಭಾವನ ಜೋಡಿ ಕೂತಿದೆ. 5 ಮತ್ತು 4ರಿಂದ ಐದು ಇಳಿಸುವಂತಿಲ್ಲ, ಎಲ್ಲ ಕಾಯಿ ಒಳಂಗಳಕ್ಕೆ ಬಾರದೆ ಯಾವುದನ್ನೂ ಬೋರ್ಡಿನಿಂದ ಹೊರತೆಗೆಯುವ ಹಾಗಿಲ್ಲ. ಉಳಿದದ್ದು 7 ಮತ್ತು 6 ಮಾತ್ರ. ಅಂದರೆ ನನ್ನ ಗೋಡೆಯ ನಟ್ಟನಡುವಿನ ಕಲ್ಲುಗಳನ್ನು ನಾನೇ ಕಿತ್ತು 2ಕ್ಕೂ 1ಕ್ಕೂ ಎಸೆಯಬೇಕು. ಹತ್ತು ನಿಮಿಷ ದಾರಿ ಹುಡುಕಿದೆ. 7ರ ಎರಡು, 6ರ ಒಂದು ಎಂದು ಕಿತ್ತೆ; 6ರಲ್ಲಿ ಒಂದು ಒಂಟಿ ಉಳಿಯಿತು. ಆಮೇಲೆ ಕೂತು ಲೆಕ್ಕ ಹಾಕಿದೆ, ಇದ್ದುದರಲ್ಲಿ ಅದೇ ಕಡಿಮೆ ಅಪಾಯದ್ದು: 3ರಿಂದ 6ಕ್ಕೆ ಬರಲು ಭಾವನಿಗೆ ದಾಳದಲ್ಲಿ ನೇರವಾಗಿ ಮೂರೇ ಬೀಳಬೇಕು. 2-1 ಬಿದ್ದರೆ ನಡುವಿನ 4, 5 ಎರಡೂ ನನ್ನವು. ಹಾಗಾಗಿ 36ರಲ್ಲಿ 11. ಅವರಿಗೆ 3-2 ಬಿತ್ತು, ನನ್ನ ಒಂಟಿ ಬಾರ್ ಸೇರಿತು. ಮುಂದಿನದನ್ನು ಹೇಳಬೇಕಾಗಿಲ್ಲ.

ಆ ಸಂಜೆ ನನಗೆ ಸಿಟ್ಟು ಬಂದದ್ದು ದಾಳದ ಮೇಲೆ. ಭಾವ ಮಾತ್ರ ನಾನು ಅದಕ್ಕೂ ನಾಲ್ಕು ಗರ ಹಿಂದೆ ಮಾಡಿದ ತಪ್ಪನ್ನು ತೋರಿಸಿದರು. 2ಕ್ಕೂ 1ಕ್ಕೂ ಅಷ್ಟು ಬೇಗ ಕಾಯಿ ಇಳಿಸಿದ್ದರಿಂದಲೇ ನಡೆಸಲು ಬೇರೆ ಕಾಯಿ ಇರಲಿಲ್ಲ. ಗೋಡೆ ಕಾಯಬೇಕಾದರೆ ಗೋಡೆಗೆ ಸೇರದ ಒಂದೆರಡು ಕಾಯಿಗಳು ದೂರದಲ್ಲಿ ನಿಧಾನವಾಗಿ ಬರುತ್ತಿರಬೇಕು. ಕೆಟ್ಟ ಗರ ಬಂದಾಗ ಅವು ತೆರಿಗೆ ಕಟ್ಟುತ್ತವೆ. ಈ ನಿಯಮ ಇಲ್ಲದಿದ್ದರೆ ಬ್ಯಾಕ್‌ಗ್ಯಾಮನ್ ಆಡುವ ಆಸೆಯೇ ನನಗೆ ಉಳಿಯುತ್ತಿರಲಿಲ್ಲ ಎನಿಸುತ್ತದೆ. ಗೋಡೆ ಕಟ್ಟಿಕೊಂಡವನು ಸುಮ್ಮನೆ ಕೂರಬಹುದಾಗಿದ್ದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು.

ಕಾಯಿ ಹೊರತೆಗೆಯುವುದು ಕೊನೆಯ ಘಟ್ಟ. ಹದಿನೈದೂ ಒಳಂಗಳಕ್ಕೆ ಬಂದ ಮೇಲೆ ಬಿದ್ದ ಅಂಕಿಯ ಮನೆಯಿಂದ ಒಂದನ್ನು ತೆಗೆಯಬಹುದು. ಆ ಮನೆ ಖಾಲಿ ಇದ್ದು ಅದಕ್ಕಿಂತ ಮೇಲಿನ ಮನೆಯಲ್ಲಿ ಕಾಯಿ ಇದ್ದರೆ ಅದನ್ನೇ ಕೆಳಗೆ ಇಳಿಸಬೇಕು. ಮೇಲೆ ಯಾವುದೂ ಇಲ್ಲದಿದ್ದರೆ ಇದ್ದುದರಲ್ಲಿ ಎತ್ತರದ ಮನೆಯದನ್ನು ತೆಗೆಯಬೇಕು. ನಾನು 4 ಬಿದ್ದಾಗ 4ನೇ ಮನೆ ಖಾಲಿ ಇದೆಯೆಂದು ಖುಷಿಯಿಂದ 3ರದ್ದನ್ನು ಎತ್ತಿಬಿಡುತ್ತಿದ್ದೆ, 6ರಲ್ಲಿ ಇನ್ನೂ ಎರಡು ಕೂತಿದ್ದರೂ. ಈ ಹಂತದಲ್ಲಿ ಏಟು ಬಿದ್ದರೆ ಆ ಕಾಯಿ ಬೋರ್ಡು ಸುತ್ತಿ ಒಳಂಗಳಕ್ಕೆ ವಾಪಸು ಬರುವ ತನಕ ಮತ್ತೊಂದನ್ನು ತೆಗೆಯುವಂತಿಲ್ಲ. ಎಲ್ಲ ಕಾಯಿ ಮೊದಲು ತೆಗೆದವರಿಗೆ ಗೆಲುವು. ಸೋತವರು ಅಷ್ಟರೊಳಗೆ ಒಂದನ್ನೂ ತೆಗೆದಿಲ್ಲವಾದರೆ ಅದು ಗ್ಯಾಮನ್, ಎರಡು ಪಟ್ಟು. ಅದರ ಜೊತೆಗೆ ಅವರ ಕಾಯಿ ಇನ್ನೂ ಬಾರ್ ಮೇಲೋ ಗೆದ್ದವರ ಒಳಂಗಳದಲ್ಲೋ ಇದ್ದರೆ ಬ್ಯಾಕ್‌ಗ್ಯಾಮನ್, ಮೂರು ಪಟ್ಟು.

ಮೊದಲ ಗರಗಳಲ್ಲಿ ಏನು ನಡೆಸಬೇಕೆಂದು ದೊಡ್ಡ ಪಟ್ಟಿಯೇ ಇದೆ, ನಾನು ಶುರುವಿಗೆ ಮೂರನ್ನೇ ಕಲಿತೆ. 3-1 ಬಿದ್ದರೆ 8ರಿಂದ ಒಂದು, 6ರಿಂದ ಒಂದು ತಂದು 5ನೇ ಮನೆ ಕಟ್ಟುವುದು. 4-2ಕ್ಕೆ ಅದೇ ಎರಡು ಮನೆಗಳಿಂದ 4ನೇ ಮನೆ. 6-1ಕ್ಕೆ 13 ಮತ್ತು 8ರಿಂದ 7ನೇ ಮನೆ. ಉಳಿದ ಗರಗಳ ಬಗ್ಗೆ ಬಲ್ಲವರೇ ಅಭಿಪ್ರಾಯ ಬದಲಿಸಿಕೊಂಡಿದ್ದಾರೆ. 1990ರ ದಶಕದ ಆರಂಭದಲ್ಲಿ ಐಬಿಎಂನ ಜೆರಾಲ್ಡ್ ಟೆಸಾರೊ ರೂಪಿಸಿದ ಟಿಡಿ-ಗ್ಯಾಮನ್ ಎಂಬ ಪ್ರೋಗ್ರಾಂ ತನ್ನ ಜೊತೆ ತಾನೇ ಆಡಿ ಆಡಿ ಕಲಿಯಿತು. 2-1, 4-1, 5-1ರಂಥ ಗರಗಳಿಗೆ 6ರಿಂದ 5ಕ್ಕೆ ಒಂಟಿ ಇಳಿಸುವುದೇ ಸರಿ ಎಂದಿದ್ದವರು ಅದರ ಆಟ ನೋಡಿದ ಮೇಲೆ 24ರ ಕಾಯಿಯನ್ನು 23ಕ್ಕೆ ಸರಿಸತೊಡಗಿದರು. ಅದಕ್ಕೂ ಮುಂಚೆ 1979ರಲ್ಲಿ ಮಾಂಟೆ ಕಾರ್ಲೊದಲ್ಲಿ ಹ್ಯಾನ್ಸ್ ಬರ್ಲಿನರ್ ಅವರ ಪ್ರೋಗ್ರಾಂ ವಿಶ್ವ ಚಾಂಪಿಯನ್ ಲುಯಿಜಿ ವಿಲ್ಲಾ ಅವರನ್ನು 7-1ರಿಂದ ಸೋಲಿಸಿತ್ತು. ದಾಳ ತಮ್ಮ ಕಡೆ ಚೆನ್ನಾಗಿ ಬಿದ್ದಿತ್ತು ಎಂದು ಬರ್ಲಿನರ್ ಅವರೇ ಒಪ್ಪಿಕೊಂಡರು. ನಾನು ಸೋತ ಆಟಗಳನ್ನು ಗ್ನೂ ಬ್ಯಾಕ್‌ಗ್ಯಾಮನ್ ಎಂಬ ಪ್ರೋಗ್ರಾಂಗೆ ತೋರಿಸುತ್ತೇನೆ. ಅದು ಉಚಿತ, ಮುಲಾಜೂ ಇಲ್ಲ.

ದುಪ್ಪಟ್ಟು ದಾಳವನ್ನು ಮಾತ್ರ ಮೊದಲ ವಾರ ಪೆಟ್ಟಿಗೆಯಲ್ಲೇ ಇಡಿ. 2, 4, 8, 16, 32, 64 ಎಂದು ಬರೆದಿರುವ ಇದು 1920ರ ದಶಕದ ನ್ಯೂಯಾರ್ಕಿನಲ್ಲಿ ಆಟಕ್ಕೆ ಸೇರಿದ್ದು. ನನ್ನ ಸ್ಥಿತಿ ಚೆನ್ನಾಗಿದ್ದರೆ, ನನ್ನ ಸರದಿಯಲ್ಲಿ ಗರ ಹಾಕುವ ಮೊದಲು ಪಣವನ್ನು ಎರಡು ಪಟ್ಟು ಮಾಡೋಣ ಎನ್ನಬಹುದು. ಎದುರಾಳಿ ಬೇಡವೆಂದರೆ ಅಲ್ಲಿಗೇ ಒಂದು ಅಂಕ ಸೋತು ಏಳಬೇಕು, ಒಪ್ಪಿದರೆ ದಾಳ ಅವನ ಕಡೆ ಹೋಗುತ್ತದೆ, ಮುಂದೆ ಏರಿಸುವ ಹಕ್ಕು ಅವನದು. ಒಪ್ಪಬೇಕೋ ಬಿಡಬೇಕೋ? ಅಂಥ ನಾಲ್ಕು ಆಟ ಬಿಟ್ಟುಕೊಟ್ಟರೆ ನಾಲ್ಕು ಅಂಕ ಹೋಗುತ್ತದೆ. ನಾಲ್ಕೂ ಒಪ್ಪಿ ಒಂದು ಗೆದ್ದು ಮೂರು ಸೋತರೂ ಹೋಗುವುದು ನಾಲ್ಕೇ. ಹಾಗಾಗಿ ನಾಲ್ಕರಲ್ಲಿ ಒಂದಾದರೂ ಗೆಲ್ಲಬಲ್ಲೆ ಎನ್ನಿಸಿದರೆ ಒಪ್ಪಬಹುದು. ಇದು ನನಗೆ ಬಾಯಿಗೆ ಬಂದಿದೆ, ಕೈಗಿನ್ನೂ ಬಂದಿಲ್ಲ.

ಕೈಗೆ ಬಂದಿಲ್ಲ ಎಂದರೆ ಅಕ್ಷರಶಃ. ಮೊನ್ನೆ ಮಾತಿನ ಭರದಲ್ಲಿ ನನ್ನ ದಾಳಗಳ ಜೊತೆ ದುಪ್ಪಟ್ಟು ದಾಳವನ್ನೂ ಬಾಚಿ ಡಬ್ಬಿಗೆ ಹಾಕಿ ಕುಲುಕಿ ಸುರಿದೆ. 4, 1, ಪಕ್ಕದಲ್ಲಿ 32. ಭಾವ ಕನ್ನಡಕ ಸರಿಮಾಡಿಕೊಂಡು ಬೋರ್ಡಿನತ್ತ ಬಾಗಿದರು. "ಬಿದ್ದಿದ್ದು ನಡೆಸಲೇಬೇಕಪ್ಪಾ. ಮೊದಲು ಮೂವತ್ತೆರಡು ನಡೆಸು, ನೋಡೋಣ."